ಮಾತು ಅದೇ, ಅರ್ಥ ಬೇರೆ: ಸ್ಟೈನ್‌ಬೆಕ್ ಕಾದಂಬರಿ ಜಾನ್ ಫೋರ್ಡ್ ಕೈಗೆ ಸಿಕ್ಕಾಗ

ಜಾನ್ ಸ್ಟೈನ್‌ಬೆಕ್ ಅವರ 'ದ ಗ್ರೇಪ್ಸ್ ಆಫ್ ರಾತ್' ಕಾದಂಬರಿ ಓದಿ, ಅದೇ ಹೆಸರಿನ 1940ರ ಸಿನಿಮಾವನ್ನೂ ನೋಡಿದವರಿಗೆ ಒಂದು ಗೊಂದಲ ಕಾಡುತ್ತದೆ. ಸಿನಿಮಾದ ಪಾತ್ರಗಳು ಆಡುವ ಮಾತಿನ ಬಹುಪಾಲು ಕಾದಂಬರಿಯದ್ದೇ. ಸಂಸಾರ ಅದೇ, ಗಾಡಿ ಅದೇ, ಹಿಡಿದ ದಾರಿಯೂ ಅದೇ. ಆದರೂ ಪುಸ್ತಕ ಮುಚ್ಚಿಟ್ಟಾಗ ಉಳಿಯುವುದು ಸಂಕಟ ಮತ್ತು ಸಿಟ್ಟು. ಸಿನಿಮಾ ಮುಗಿದಾಗ 'ಹೇಗೋ ಬದುಕಿಕೊಳ್ಳುತ್ತಾರೆ ಬಿಡು' ಅನ್ನಿಸುತ್ತದೆ. ಮಾತು ಬದಲಾಗದೆ ಅರ್ಥ ಬದಲಾದದ್ದು ಹೇಗೆ? ಕಾದಂಬರಿಯನ್ನು ಸಿನಿಮಾ ಮಾಡುವುದು ಎಂದರೇನು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮೊದಲು ಕಥೆ ನಡೆಯುವ ಕಾಲ ನೋಡೋಣ. 1929ರಲ್ಲಿ ಅಮೆರಿಕದ ಷೇರುಪೇಟೆ ನೆಲಕಚ್ಚಿದ ಮೇಲೆ ಬೆಳೆಗೆ ಬೆಲೆ ಇಲ್ಲದಾಯಿತು. ಅದರ ಬೆನ್ನಿಗೇ ದಕ್ಷಿಣದ ಬಯಲುಸೀಮೆಗಳಲ್ಲಿ ಮಳೆ ಕೈಕೊಟ್ಟಿತು. ಹುಲ್ಲುಗಾವಲನ್ನು ಉತ್ತು ಗೋಧಿ ಬಿತ್ತಿದ್ದ ಮಣ್ಣಿಗೆ ಹಿಡಿದಿಟ್ಟುಕೊಳ್ಳಲು ಬೇರಿಲ್ಲ, ಒದ್ದೆ ಇಲ್ಲ. ಗಾಳಿಗೆ ಎದ್ದು ಆಕಾಶ ಮುಚ್ಚಿತು. 'ಡಸ್ಟ್ ಬೌಲ್' ಎನ್ನುವುದು ಇದನ್ನೇ. ಆದರೆ ಕಾದಂಬರಿ ಹಿಂಬಾಲಿಸುವ ಜೋಡ್ ಸಂಸಾರದ ಊರಾದ ಸ್ಯಾಲಿಸಾ ಇರುವುದು ಓಕ್ಲಹೋಮಾದ ಪೂರ್ವದಲ್ಲಿ, ಧೂಳು ಅತಿ ಹೆಚ್ಚು ಎದ್ದ ಪ್ರದೇಶದಿಂದ ಆಚೆ. ಹಾಗಾಗಿ ಅವರನ್ನು ಊರು ಬಿಡಿಸಿದ್ದು ಧೂಳು ಎನ್ನುವುದಕ್ಕಿಂತ ಲೆಕ್ಕಾಚಾರ ಎನ್ನುವುದೇ ಸರಿ. ಅವರು ಗೇಣಿ ಒಕ್ಕಲು. ಟ್ರ್ಯಾಕ್ಟರ್ ಮೇಲೆ ಕೂತ ಒಬ್ಬನೇ ಆಳು ಹನ್ನೆರಡು ಹದಿನಾಲ್ಕು ಸಂಸಾರದ ಕೆಲಸ ಮಾಡಬಲ್ಲ ಎಂದಮೇಲೆ ಜಮೀನಿನ ಒಡೆಯರಿಗೂ, ಅವರ ಬೆನ್ನಿಗಿದ್ದ ಬ್ಯಾಂಕಿಗೂ ಆ ಸಂಸಾರಗಳು ಬೇಕಿರಲಿಲ್ಲ. ಒಕ್ಕಲೆಬ್ಬಿಸಿದರು.

ಹೋಗುವುದೆಲ್ಲಿಗೆ? ಕ್ಯಾಲಿಫೋರ್ನಿಯಾದ ತೋಟಗಳಿಗೆ ಕೂಲಿ ಬೇಕೆಂದು ಹಳದಿ ಕರಪತ್ರಗಳು ಕೈಯಿಂದ ಕೈಗೆ ಓಡಾಡುತ್ತಿದ್ದವು. ಆ ಕರಪತ್ರದ ಗುಟ್ಟನ್ನು ದಾರಿಯಲ್ಲಿ ಸಿಕ್ಕ ಒಬ್ಬ ಬಿಡಿಸಿ ಹೇಳುತ್ತಾನೆ. ಮಾಲೀಕನಿಗೆ ಬೇಕಾದದ್ದು 800 ಆಳು. ಅವನು ಹಂಚುವುದು ಸಾವಿರಾರು ಕರಪತ್ರ. ಬಂದು ನಿಲ್ಲುವವರು ಎರಡು ಮೂರು ಸಾವಿರ ಜನ, ಎಲ್ಲರೂ ಹಸಿದವರು. ಆಮೇಲೆ ಕೂಲಿ ಎಷ್ಟು ಎಂದು ಕೇಳುವ ಧೈರ್ಯ ಯಾರಿಗಿದೆ? ಕಾದಂಬರಿಯ ಅರ್ಥಶಾಸ್ತ್ರವೆಲ್ಲ ಈ ಲೆಕ್ಕದಲ್ಲಿದೆ.

ಸ್ಟೈನ್‌ಬೆಕ್ ಇದನ್ನು ಕುರ್ಚಿಯಲ್ಲಿ ಕೂತು ಕಲ್ಪಿಸಿಕೊಂಡವರಲ್ಲ. 1936ರಲ್ಲಿ 'ಸ್ಯಾನ್ ಫ್ರಾನ್ಸಿಸ್ಕೋ ನ್ಯೂಸ್' ಪತ್ರಿಕೆಗಾಗಿ ವಲಸೆ ಕೂಲಿಗಳ ಗುಡಾರಗಳನ್ನು ಸುತ್ತಿ ಸರಣಿ ಲೇಖನ ಬರೆದಿದ್ದರು. ಆರ್ವಿನ್ ಎಂಬಲ್ಲಿ ಸರ್ಕಾರ ನಡೆಸುತ್ತಿದ್ದ ಕ್ಯಾಂಪಿನ ಮ್ಯಾನೇಜರ್ ಟಾಮ್ ಕಾಲಿನ್ಸ್ ಅವರ ಜೊತೆ ಓಡಾಡಿದ್ದರು. ಕಾದಂಬರಿ ಅರ್ಪಣೆಯಾಗಿರುವುದು ಇಬ್ಬರಿಗೆ: ಹೆಂಡತಿ ಕ್ಯಾರಲ್‌ಗೆ, ಮತ್ತು ಇದನ್ನು ಬದುಕಿದ ಟಾಮ್‌ಗೆ. 1939ರ ಏಪ್ರಿಲ್‌ನಲ್ಲಿ ಪುಸ್ತಕ ಬಂತು, 619 ಪುಟ. ಬಿಸಿ ಬಿಸಿಯಾಗಿ ಮಾರಾಟವಾಯಿತು, ಮರುವರ್ಷ ಪುಲಿಟ್ಜರ್ ಪ್ರಶಸ್ತಿಯೂ ಬಂತು. ಅದೇ ಆರ್ವಿನ್ ಇರುವ ಕರ್ನ್ ಕೌಂಟಿಯ ಆಡಳಿತ ಮಾತ್ರ 1939ರ ಆಗಸ್ಟ್‌ನಲ್ಲೇ ತನ್ನ ಶಾಲೆ, ಗ್ರಂಥಾಲಯಗಳಿಂದ ಪುಸ್ತಕವನ್ನು ಹೊರಗೆ ಹಾಕಿತು.

ಈ ಗಲಾಟೆಯ ನಡುವೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನ ಡ್ಯಾರಿಲ್ ಝಾನಕ್ ಸಿನಿಮಾ ಹಕ್ಕು ಕೊಂಡರು. ಝಾನಕ್ ಎಡಪಂಥೀಯರೇನಲ್ಲ, ರಿಪಬ್ಲಿಕನ್ ಪಕ್ಷದ ಕಡೆಯವರು. ಅವರ ಸ್ಟುಡಿಯೋದಲ್ಲಿ ಚೇಸ್ ನ್ಯಾಷನಲ್ ಬ್ಯಾಂಕಿನ ದೊಡ್ಡ ಪಾಲಿತ್ತು, ಕಾದಂಬರಿಯ ರಾಕ್ಷಸನೇ ಬ್ಯಾಂಕು! ಸಿನಿಮಾ ಮಾಡದೆ ಮೂಲೆಗೆ ಹಾಕಲೆಂದೇ ಹಕ್ಕು ಕೊಂಡಿದ್ದಾರೆ ಎಂದು ಜನ ಅನುಮಾನಪಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಸ್ಟೈನ್‌ಬೆಕ್ ಕರಾರಿನಲ್ಲೇ ಒಂದು ಷರತ್ತು ಹಾಕಿಸಿದ್ದರು: ಮುಖ್ಯ ಕಥೆಯನ್ನೂ ಅದರ ಸಾಮಾಜಿಕ ಉದ್ದೇಶವನ್ನೂ ಉಳಿಸಿಕೊಳ್ಳಬೇಕು. ಝಾನಕ್ ತಾವಾಗಿ ಜನ ಕಳಿಸಿ ಕೂಲಿಗಳ ಸ್ಥಿತಿ ವಿಚಾರಿಸಿದರು. ಪುಸ್ತಕದಲ್ಲಿ ಬರೆದದ್ದಕ್ಕಿಂತ ಹೀನಾಯವಾಗಿದೆ ಎಂಬ ವರದಿ ಬಂತು. ಚಿತ್ರಕಥೆಗೆ ನನಲಿ ಜಾನ್ಸನ್, ನಿರ್ದೇಶನಕ್ಕೆ ಜಾನ್ ಫೋರ್ಡ್, ಕ್ಯಾಮೆರಾಗೆ ಗ್ರೆಗ್ ಟೋಲಂಡ್. ಟಾಮ್ ಕಾಲಿನ್ಸ್ ಅವರನ್ನೇ ಸಲಹೆಗಾರರನ್ನಾಗಿ ಕರೆಸಿಕೊಂಡರು. ವಿರೋಧಿಗಳ ಕಣ್ಣು ತಪ್ಪಿಸಲು 'ಹೈವೇ 66' ಎಂಬ ಸುಳ್ಳು ಹೆಸರಿಟ್ಟು ಶೂಟಿಂಗ್ ನಡೆಯಿತು. ನಾಯಕ ಟಾಮ್ ಜೋಡ್‌ನ ಪಾತ್ರ ಸಿಗಲೆಂದು ಹೆನ್ರಿ ಫಾಂಡಾ ಇಷ್ಟವಿಲ್ಲದಿದ್ದರೂ ಸ್ಟುಡಿಯೋಗೆ ಏಳು ವರ್ಷದ ಕರಾರು ಬರೆದುಕೊಟ್ಟರು. 1940ರ ಜನವರಿಯಲ್ಲಿ ಸಿನಿಮಾ ತೆರೆಗೆ ಬಂದಾಗ ಪುಸ್ತಕ ಹೊರಬಂದು ಇನ್ನೂ ಒಂಬತ್ತು ತಿಂಗಳು.

ಈಗ ನಿಜವಾದ ತೊಡಕಿಗೆ ಬರೋಣ. ಕಾದಂಬರಿಯಲ್ಲಿ 30 ಅಧ್ಯಾಯಗಳಿವೆ. ಅದರಲ್ಲಿ ಜೋಡ್ ಸಂಸಾರದ ಕಥೆ ಇರುವುದು ಅರ್ಧಕ್ಕಿಂತ ಕಡಿಮೆ ಅಧ್ಯಾಯಗಳಲ್ಲಿ. ಉಳಿದ 16 ಅಧ್ಯಾಯಗಳಲ್ಲಿ ಜೋಡ್‌ಗಳು ಇಲ್ಲವೇ ಇಲ್ಲ. ಒಂದರಲ್ಲಿ ಆಮೆಯೊಂದು ರಸ್ತೆ ದಾಟುತ್ತದೆ. ಇನ್ನೊಂದರಲ್ಲಿ ಹಳೇ ಕಾರು ಮಾರುವವನು ಬಡವರ ತಲೆ ಬೋಳಿಸುತ್ತಾನೆ. ಮತ್ತೊಂದರಲ್ಲಿ ಹೆಸರಿಲ್ಲದ ಒಕ್ಕಲಿಗರು, ಹೆಸರಿಲ್ಲದ ಒಡೆಯರು. ಒಂದು ಅಧ್ಯಾಯ ಜೋಡ್‌ಗಳದ್ದು, ಮುಂದಿನದು ಇಡೀ ನಾಡಿನದು. ಹೀಗೆ ಸರದಿಯಲ್ಲಿ ಸಾಗುತ್ತದೆ. ಒಂದು ಮನೆಯ ಗೋಳು ಲಕ್ಷಾಂತರ ಜನರ ಗೋಳಾಗುವುದು ಈ ಸರದಿಯಿಂದ. ಎರಡು ಗಂಟೆ ಒಂಬತ್ತು ನಿಮಿಷದ ಸಿನಿಮಾಗೆ ಈ ಸೌಕರ್ಯ ಇಲ್ಲ. ನಾಯಕನೇ ಇಲ್ಲದ ಹದಿನಾರು ತುಣುಕು ತೋರಿಸಿದರೆ ಹಾಲಿವುಡ್ ಪ್ರೇಕ್ಷಕ ಎದ್ದು ಹೋಗುತ್ತಾನೆ. ಪೂರ್ತಿ ಬಿಟ್ಟರೆ ಉಳಿಯುವುದು ಒಂದು ನತದೃಷ್ಟ ಸಂಸಾರದ ಕಥೆ ಮಾತ್ರ.

ಜಾನ್ಸನ್ ಕಂಡುಕೊಂಡ ದಾರಿ: ಹೆಸರಿಲ್ಲದವರ ಮಾತನ್ನು ಹೆಸರಿರುವವರ ಬಾಯಿಗೆ ಹಾಕುವುದು.

ಐದನೇ ಅಧ್ಯಾಯವನ್ನೇ ನೋಡಿ. ಒಡೆಯರ ಕಡೆಯವರು ಕಾರಿನಲ್ಲಿ ಬಂದು ಜಾಗ ಖಾಲಿ ಮಾಡಿ ಎನ್ನುತ್ತಾರೆ. 'ನಮ್ಮದೇನೂ ತಪ್ಪಿಲ್ಲ, ಬ್ಯಾಂಕು ಹೇಳಿದೆ' ಎನ್ನುತ್ತಾರೆ. ಹೆಸರಿಲ್ಲದ ಒಕ್ಕಲಿಗರು ಉತ್ತರ ಕೊಡುತ್ತಾರೆ: ಈ ನೆಲದಲ್ಲಿ ಹುಟ್ಟಿದ್ದು, ದುಡಿದದ್ದು, ಸತ್ತದ್ದು ಇದನ್ನು ನಮ್ಮದಾಗಿಸುತ್ತದೆಯೇ ಹೊರತು ಅಂಕಿ ಬರೆದ ಕಾಗದವಲ್ಲ. ಆರನೇ ಅಧ್ಯಾಯದಲ್ಲಿ ಬರುವ ಮ್ಯೂಲಿ ಗ್ರೇವ್ಸ್ ಎಂಬುವನು ಬೇರೆಯೇ ವ್ಯಕ್ತಿ; ಹೆಂಡತಿ ಮಕ್ಕಳು ಹೋದರೂ ಊರು ಬಿಡಲಾಗದೆ ಪ್ರೇತದಂತೆ ಅಲೆಯುತ್ತಿರುವ ನೆರೆಯವನು. ಸಿನಿಮಾ ಇವೆರಡನ್ನೂ ಒಂದು ಮಾಡಿತು. ಜೈಲಿನಿಂದ ಬಿಡುಗಡೆಯಾದ ಟಾಮ್, ಹಿಂದೆ ಪಾದ್ರಿಯಾಗಿದ್ದ ಕಾಸಿ ಇಬ್ಬರೂ ಜೋಡ್ ಮನೆಗೆ ಬಂದರೆ ಅಲ್ಲಿ ಕತ್ತಲು, ಗಾಳಿಯ ಸದ್ದು. ಟಾಮ್ ಮೇಣದಬತ್ತಿ ಹಚ್ಚುತ್ತಾನೆ. ಮೂಲೆಯಿಂದ ಮ್ಯೂಲಿಯ ಮುಖ ಬೆಳಕಿಗೆ ಬರುತ್ತದೆ. ಅವನು ನಡೆದದ್ದನ್ನು ಹೇಳುತ್ತಿದ್ದಂತೆ ಹಿಂದಿನ ದೃಶ್ಯಗಳು ತೆರೆದುಕೊಳ್ಳುತ್ತವೆ.

ಆ ಭಾಗದ ಸಂಭಾಷಣೆ ಕೇಳಿ. ಜಾಗ ಖಾಲಿ ಮಾಡಿಸಲು ಬಂದವನು ಕಾರಿನಿಂದ ಇಳಿಯುವುದೂ ಇಲ್ಲ. ಯಾರ ತಪ್ಪು ಇದು? ಶಾನಿ ಲ್ಯಾಂಡ್ ಅಂಡ್ ಕ್ಯಾಟಲ್ ಕಂಪನಿಯದು. ಆ ಕಂಪನಿ ಎಂದರೆ ಯಾರು? ಯಾರೂ ಅಲ್ಲ, ಅದೊಂದು ಕಂಪನಿ. ಅದಕ್ಕೊಬ್ಬ ಅಧ್ಯಕ್ಷ ಇರಬೇಕಲ್ಲ? ಅವನದೂ ತಪ್ಪಲ್ಲ, ಬ್ಯಾಂಕು ಹೇಳಿದಂತೆ ಮಾಡುತ್ತಾನೆ. ಬ್ಯಾಂಕ್ ಎಲ್ಲಿದೆ? ಟಲ್ಸಾದಲ್ಲಿ. ಅಲ್ಲಿಯ ಮ್ಯಾನೇಜರನೂ ಪೂರ್ವದಿಂದ ಬರುವ ಹುಕುಮಿಗೆ ಕುಣಿಯುವವನೇ. ಹಾಗಾದರೆ ಗುಂಡು ಹಾರಿಸಬೇಕಾದದ್ದು ಯಾರಿಗೆ? 'ಗೊತ್ತಿದ್ದರೆ ಹೇಳುತ್ತಿದ್ದೆನಪ್ಪ, ನನಗೂ ಗೊತ್ತಿಲ್ಲ' ಎನ್ನುತ್ತಾನೆ ಅವನು. ಬಂಡವಾಳ ವ್ಯವಸ್ಥೆಯಲ್ಲಿ ಹೊಣೆ ಹೇಗೆ ಆವಿಯಾಗುತ್ತದೆ ಎಂಬುದನ್ನು ಇಷ್ಟು ಚುಟುಕಾಗಿ, ಇಷ್ಟು ಸಲೀಸಾಗಿ ಹೇಳಿದ ದೃಶ್ಯ ನಾನು ಬೇರೆಲ್ಲೂ ಕಂಡಿಲ್ಲ.

ಮುಂದಿನದು ಟ್ರ್ಯಾಕ್ಟರ್. ಓಡಿಸುತ್ತಿರುವವನು ಊರಿನವನೇ, ಜೋ ಡೇವಿಸ್‌ನ ಮಗ. ದಿನಕ್ಕೆ ಮೂರು ಡಾಲರ್, ಮನೆಯಲ್ಲಿ ಹೆಂಡತಿ ಮಕ್ಕಳು. ಮ್ಯೂಲಿ ಬಂದೂಕು ಹಿಡಿದು ನಿಂತರೂ ಹಾರಿಸಲಾಗುವುದಿಲ್ಲ. ಟ್ರ್ಯಾಕ್ಟರ್ ಮನೆಯನ್ನು ಹಾಯ್ದು ಹೋಗುತ್ತದೆ. ಇಲ್ಲಿ ಫೋರ್ಡ್ ಮತ್ತು ಟೋಲಂಡ್ ಒಂದು ಕೆಲಸ ಮಾಡುತ್ತಾರೆ. ನಿಂತ ಮೂವರ ಮುಖದಿಂದ ಕ್ಯಾಮೆರಾ ಕೆಳಗಿಳಿದು ನೆಲ ನೋಡುತ್ತದೆ. ಮಣ್ಣಿನ ಮೇಲೆ ಟ್ರ್ಯಾಕ್ಟರ್ ಚಕ್ರದ ಪಟ್ಟಿ, ಅದರ ಮೇಲೆ ಅಡ್ಡಬಿದ್ದ ಮೂರು ನೆರಳು. ಐದನೇ ಅಧ್ಯಾಯದ ಪುಟಗಟ್ಟಲೆ ಗದ್ಯ ಆ ಒಂದು ಶಾಟ್‌ನಲ್ಲಿ ಮುಗಿಯಿತು. ಮ್ಯೂಲಿ ಪಾತ್ರ ಮಾಡಿದ ಜಾನ್ ಕ್ವಾಲೆನ್ ಸಿನಿಮಾದಲ್ಲಿ ಇರುವುದು ಸ್ವಲ್ಪ ಹೊತ್ತು. ಆದರೆ ಮೊದಲ ಅರ್ಧ ಗಂಟೆ ಅವರದ್ದೇ.

ಹದಿನೈದನೇ ಅಧ್ಯಾಯದ ರಸ್ತೆಬದಿ ಹೋಟೆಲಿಗೂ ಇದೇ ಉಪಾಯ. ಕಾದಂಬರಿಯಲ್ಲಿ ಯಾರೋ ಒಬ್ಬ ದಾರಿಹೋಕ ಇಬ್ಬರು ಮಕ್ಕಳೊಂದಿಗೆ ಬಂದು ಹತ್ತು ಸೆಂಟ್‌ಗೆ ಬ್ರೆಡ್ ಕೇಳುತ್ತಾನೆ. ಸಿನಿಮಾದಲ್ಲಿ ಅವನು ಟಾಮ್‌ನ ಅಪ್ಪ, ಆ ಮಕ್ಕಳು ಜೋಡ್ ಮಕ್ಕಳು. ಹಲ್ಲಿಲ್ಲದ ಅಜ್ಜಿಗೆ ನೀರಲ್ಲಿ ನೆನೆಸಿ ಕೊಡಲು ಬ್ರೆಡ್ ಬೇಕು. ಅದು ಹದಿನೈದು ಸೆಂಟಿನದು, ಇಲ್ಲಿ ಸ್ಯಾಂಡ್‌ವಿಚ್ ಮಾತ್ರ ಮಾರುವುದು ಎಂದು ಪರಿಚಾರಿಕೆ ಗೊಣಗಿದರೂ, ಕೊಡು ಎಂದು ಒಳಗಿನಿಂದ ಗದರಿಕೆ ಬರುತ್ತದೆ. ಮಕ್ಕಳ ಕಣ್ಣು ಗಾಜಿನ ಪೆಟ್ಟಿಗೆಯ ಪೆಪ್ಪರ್‌ಮಿಂಟ್ ಮೇಲೆ. ಎಷ್ಟು ಎಂದರೆ, ಒಂದು ಸೆಂಟ್‌ಗೆ ಎರಡು ಎನ್ನುತ್ತಾಳೆ ಅದೇ ಪರಿಚಾರಿಕೆ. ಅವರು ಹೋದ ಮೇಲೆ ಲಾರಿ ಡ್ರೈವರ್ ಕೇಳುತ್ತಾನೆ: ಅವು ಒಂದೊಂದಕ್ಕೇ ಐದು ಸೆಂಟಿನವಲ್ಲವೇ? ನಿನಗ್ಯಾಕೆ ಎಂದು ಆಕೆ ಸಿಡುಕುತ್ತಾಳೆ. ಡ್ರೈವರ್‌ಗಳು ಚಿಲ್ಲರೆ ವಾಪಸ್ ತೆಗೆದುಕೊಳ್ಳದೆ ಎದ್ದು ಹೋಗುತ್ತಾರೆ. ದೃಶ್ಯ ಸೊಗಸಾಗಿದೆ, ಒಪ್ಪೋಣ. ಆದರೆ ಬದಲಾದದ್ದನ್ನೂ ಗಮನಿಸಬೇಕು. ಪುಸ್ತಕದಲ್ಲಿ ಅದು ಯಾರಿಗೆ ಬೇಕಾದರೂ ಸಿಕ್ಕಬಹುದಾಗಿದ್ದ, ಸಿಗದೆಯೂ ಇರಬಹುದಾಗಿದ್ದ ದಯೆ. ಇಲ್ಲಿ ಅದು ನಮ್ಮವರಿಗೆ ಸಿಕ್ಕಿತು, ನಮಗೆ ಸಮಾಧಾನವಾಯಿತು.

ಹೀಗೆ ಯಾರ ಬಾಯಿಗೂ ಹಾಕಲಾಗದ ವಿಷಯವನ್ನು ಕ್ಯಾಮೆರಾ ಹೊತ್ತುಕೊಂಡಿತು. ಜೋಡ್‌ಗಳ ಗಾಡಿ ಮೊದಲ ಸಲ 'ಹೂವರ್‌ವಿಲ್'ಗೆ ಬರುವ ಶಾಟ್ ಇದೆ. ಹೂವರ್ ಅಧ್ಯಕ್ಷರ ಹೆಸರಲ್ಲಿ ಜನ ಕುಹಕದಿಂದ ಕರೆಯುತ್ತಿದ್ದ ಜೋಪಡಿಗಳ ಕೇರಿ ಅದು. ಕ್ಯಾಮೆರಾ ಗಾಡಿಯ ಮುಂಭಾಗದಲ್ಲಿ ಕೂತಿದೆ, ಗಾಡಿ ನಿಧಾನಕ್ಕೆ ಒಳಗೆ ಹೋಗುತ್ತದೆ. ಎದುರಿಗೆ ಬಂದವರು ಸರಿದು ದಾರಿ ಬಿಡುತ್ತಾರೆ, ನೇರ ನಮ್ಮನ್ನೇ ನೋಡುತ್ತಾರೆ. ಮಾತಿಲ್ಲ. ಆ ಮುಖಗಳಿಗೆ ಕಥೆಯಲ್ಲಿ ಹೆಸರಿಲ್ಲ, ಮತ್ತೆ ಬರುವುದೂ ಇಲ್ಲ. ಸ್ಟೈನ್‌ಬೆಕ್‌ರ ನಡು-ಅಧ್ಯಾಯಗಳು ಮಾಡುತ್ತಿದ್ದದ್ದೂ ಇದನ್ನೇ. ಮರುವರ್ಷ ಆರ್ಸನ್ ವೆಲ್ಸ್ ಜೊತೆ 'ಸಿಟಿಜನ್ ಕೇನ್' ಮಾಡಿ ಹೆಸರಾದ ಟೋಲಂಡ್ ಇಲ್ಲಿ ಬೆಳಕನ್ನು ಜಿಪುಣತನದಿಂದ ಬಳಸಿದ್ದಾರೆ. ಎಷ್ಟೋ ದೃಶ್ಯಗಳು ಮೇಣದಬತ್ತಿಯಷ್ಟೇ ಬೆಳಕಿನಲ್ಲಿ ನಡೆದಂತೆ ಕಾಣುತ್ತವೆ.

ಕಾದಂಬರಿಯನ್ನು ಮೀರಿಸಿದ ದೃಶ್ಯವೂ ಒಂದಿದೆ. ಊರು ಬಿಡುವ ಹೊತ್ತಿಗೆ ಟಾಮ್‌ನ ಅಮ್ಮ ತನ್ನ ಹಳೇ ಡಬ್ಬಿ ತೆಗೆದು ಬೇಡದ್ದನ್ನು ಬೆಂಕಿಗೆ ಹಾಕುತ್ತಾಳೆ. ಪುಸ್ತಕದಲ್ಲಿ ಇದಕ್ಕೆ ಸಿಕ್ಕಿರುವುದು ಒಂದೆರಡು ಪ್ಯಾರಾ. ಸಿನಿಮಾದಲ್ಲಿ ಜೇನ್ ಡಾರ್ವೆಲ್ ಒಲೆಯ ಮುಂದೆ ಒಬ್ಬರೇ ಕೂತಿದ್ದಾರೆ. ಒಂದು ಪೋಸ್ಟ್‌ಕಾರ್ಡ್ ನೋಡಿ ಬೆಂಕಿಗೆ ಹಾಕುತ್ತಾರೆ. ಮಗ ಜೈಲಿಗೆ ಹೋದ ಸುದ್ದಿಯ ಪತ್ರಿಕೆ ತುಣುಕು ಸಿಗುತ್ತದೆ. 1904ರ ಸೇಂಟ್ ಲೂಯಿಸ್ ವಸ್ತುಪ್ರದರ್ಶನದಿಂದ ತಂದ ಪಿಂಗಾಣಿ ನಾಯಿ ಸಿಗುತ್ತದೆ. ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಓಲೆ. ಎರಡನ್ನೂ ಕಿವಿಗೆ ಹಿಡಿದುಕೊಂಡು ಕನ್ನಡಿಯ ಮಬ್ಬಿನಲ್ಲಿ ತನ್ನನ್ನು ನೋಡಿಕೊಳ್ಳುತ್ತಾರೆ. ಹಿನ್ನೆಲೆಯಲ್ಲಿ ಅಕಾರ್ಡಿಯನ್ ಮೇಲೆ ಒಂದು ಜನಪದ ಧಾಟಿ, ಅಷ್ಟೇ. ಆ ಹೆಂಗಸಿಗೂ ಒಂದು ಹರೆಯ ಇತ್ತು ಎಂದು ಯಾರೂ ಹೇಳುವುದಿಲ್ಲ. ಡಾರ್ವೆಲ್‌ಗೆ ಪೋಷಕ ನಟಿ ಆಸ್ಕರ್ ಬಂತು, ಫೋರ್ಡ್‌ಗೆ ನಿರ್ದೇಶನದ್ದು.

ಇಷ್ಟರವರೆಗೆ ನಡೆದದ್ದು ಸಿನಿಮಾದ ಜಾಣತನ. ಇನ್ನು ಮುಂದಿನದು ಸಿನಿಮಾದ ರಾಜಕೀಯ.

ಕಾದಂಬರಿಯ ಕ್ಯಾಲಿಫೋರ್ನಿಯಾ ಭಾಗದ ಅನುಕ್ರಮ ಹೀಗಿದೆ. ಮೊದಲು ಹೂವರ್‌ವಿಲ್, ಅಲ್ಲಿ ಪೊಲೀಸರ ದೌರ್ಜನ್ಯ. ಆಮೇಲೆ ವೀಡ್‌ಪ್ಯಾಚ್, ಅಂದರೆ ಕಾಲಿನ್ಸ್ ನಡೆಸಿದಂಥ ಸರ್ಕಾರಿ ಕ್ಯಾಂಪು; ಸ್ನಾನಕ್ಕೆ ಬಿಸಿನೀರು, ಫ್ಲಶ್ ಮಾಡುವ ಕಕ್ಕಸು, ನಿವಾಸಿಗಳೇ ಆರಿಸಿದ ಸಮಿತಿ. ಆದರೆ ಅಲ್ಲಿ ಕೆಲಸವಿಲ್ಲ, ಹೊಟ್ಟೆಗಿಲ್ಲ. ಬೇರೆ ದಾರಿಯಿಲ್ಲದೆ ಹೊರಟು ಪೀಚ್ ಹಣ್ಣಿನ ತೋಟಕ್ಕೆ ಬರುತ್ತಾರೆ. ಅಲ್ಲಿ ಮುಷ್ಕರ ನಡೆದಿದೆ. ಮುಷ್ಕರ ಮುರಿಯಲು ಬಂದವರಿಗೆ ಪೆಟ್ಟಿಗೆಗೆ ಐದು ಸೆಂಟ್, ಮುರಿದ ಮೇಲೆ ಎರಡೂವರೆ. ಮುಷ್ಕರದ ಮುಂದಾಳು ಕಾಸಿಯನ್ನು ಹೊಡೆದು ಸಾಯಿಸುತ್ತಾರೆ, ಟಾಮ್ ಕೊಂದವನನ್ನು ಕೊಲ್ಲುತ್ತಾನೆ, ತಲೆಮರೆಸಿಕೊಳ್ಳುತ್ತಾನೆ. ಆಮೇಲೆ ಹತ್ತಿ ಬಿಡಿಸುವ ಕೆಲಸ, ರೈಲು ಡಬ್ಬಿಯಲ್ಲಿ ವಾಸ, ಟಾಮ್‌ನ ವಿದಾಯ, ಮಳೆ, ಪ್ರವಾಹ. ತಂಗಿ ರೋಸ್ ಆಫ್ ಶರಾನ್ ಹೆತ್ತ ಮಗು ಹುಟ್ಟುವಾಗಲೇ ಸತ್ತಿದೆ. ಕೊನೆಯ ಪುಟದಲ್ಲಿ ಆಕೆ ಕೊಟ್ಟಿಗೆಯೊಂದರಲ್ಲಿ ಹಸಿವಿನಿಂದ ಸಾಯುತ್ತಿರುವ ಅಪರಿಚಿತನಿಗೆ ತನ್ನ ಎದೆಹಾಲು ಕುಡಿಸುತ್ತಾಳೆ.

ಸಿನಿಮಾ ಮಾಡಿದ್ದು ಇಷ್ಟೇ: ಪೀಚ್ ತೋಟವನ್ನು ಮೊದಲಿಗೂ ಸರ್ಕಾರಿ ಕ್ಯಾಂಪನ್ನು ಆಮೇಲಕ್ಕೂ ಇಟ್ಟಿತು. ಪ್ರತಿ ದೃಶ್ಯವೂ ಹೆಚ್ಚುಕಡಿಮೆ ಮೂಲದಂತೆಯೇ ಇದೆ, ಸಾಲು ಮಾತ್ರ ಬದಲಾಗಿದೆ. ಪುಸ್ತಕದಲ್ಲಿ ಒಳ್ಳೆಯ ಜಾಗ ನಡುವೆ ಸಿಕ್ಕಿ ಕೈತಪ್ಪಿ ಹೋಗುತ್ತದೆ: ಸರ್ಕಾರ ಸಜ್ಜನನಾಗಿದ್ದರೂ ಸಾಲದು, ತೋಟದ ಮಾಲೀಕನ ಕೈಯಲ್ಲೇ ಅನ್ನ ಇದೆ ಎಂಬುದು ಅಲ್ಲಿಯ ಮಾತು. ಸಿನಿಮಾದಲ್ಲಿ ಕೊಲೆ, ಕತ್ತಲು ಎಲ್ಲ ದಾಟಿ ಕೊನೆಗೆ ಆ ಕ್ಯಾಂಪಿಗೆ ಬಂದು ಸೇರುತ್ತಾರೆ. ಗೇಟಿನಲ್ಲಿ ಬಿಳಿ ಉಡುಪಿನ, ಕನ್ನಡಕದ, ಮೃದು ಮಾತಿನ ಮ್ಯಾನೇಜರ್ ಎದುರುಗೊಳ್ಳುತ್ತಾನೆ. ಅವನಲ್ಲಿ ಆಗಿನ ಅಮೆರಿಕ ಅಧ್ಯಕ್ಷ ರೂಸ್‌ವೆಲ್ಟ್ ಅವರ ಛಾಯೆ ಕಂಡ ವಿಮರ್ಶಕರು ಕಡಿಮೆಯೇನಿಲ್ಲ. ಪ್ರಶ್ನೆಯಾಗಿದ್ದದ್ದು ಇಲ್ಲಿ ಉತ್ತರವಾಯಿತು.

ಕಾದಂಬರಿಯ ಕೊನೆಯ ದೃಶ್ಯ ಬರುವ ಮಾತೇ ಇರಲಿಲ್ಲ. ಹಾಲಿವುಡ್‌ನ ನೀತಿಸಂಹಿತೆ ಆಗ ಕಟ್ಟುನಿಟ್ಟಾಗಿ ಜಾರಿಯಲ್ಲಿತ್ತು. ಪ್ರವಾಹವೂ ಹೋಯಿತು, ಹೆರಿಗೆಯೂ ಹೋಯಿತು. ಟಾಮ್‌ನ ಅಣ್ಣ ನೋವಾ ಪುಸ್ತಕದಲ್ಲಿ ನದಿ ದಂಡೆಯಲ್ಲಿ ಹೇಳಿ ಹೋಗುತ್ತಾನೆ. ಸಿನಿಮಾದಲ್ಲಿ ಮಾತಿಲ್ಲದೆ ಕಾಣೆಯಾಗುತ್ತಾನೆ. 'ಕೆಂಪು' ಕ್ರಾಂತಿಕಾರಿ ಎಂದರೆ ಯಾರು, ಗಂಟೆಗೆ 25 ಸೆಂಟ್ ಕೊಡುವಾಗ 30 ಕೇಳುವವನು ಎಂಬ ಚುರುಕು ಹಾಸ್ಯ ಪುಸ್ತಕದಲ್ಲಿದೆ. ಸಿನಿಮಾದ ಟಾಮ್ ಅದೇ ಪ್ರಶ್ನೆ ಕೇಳುತ್ತಾನೆ, ಆ ಉತ್ತರ ಮಾತ್ರ ಸಿಗುವುದಿಲ್ಲ. ದೊಡ್ಡ ನಷ್ಟ ಎಂದರೆ 25ನೇ ಅಧ್ಯಾಯ. ಬೆಲೆ ಬೀಳದಿರಲೆಂದು ಕಿತ್ತಳೆ ರಾಶಿಗೆ ಸೀಮೆಎಣ್ಣೆ ಸುರಿಯುತ್ತಾರೆ, ಆಲೂಗಡ್ಡೆಯನ್ನು ಹೊಳೆಗೆ ಚೆಲ್ಲಿ ಹಸಿದವರು ಎತ್ತಿಕೊಳ್ಳದಂತೆ ಕಾವಲು ಹಾಕುತ್ತಾರೆ. ಜನರ ಎದೆಯಲ್ಲಿ ಕ್ರೋಧದ ದ್ರಾಕ್ಷಿ ತುಂಬಿ ಭಾರವಾಗುತ್ತಿದೆ ಎಂಬ ಸಾಲು ಬರುವುದು ಅಲ್ಲಿ. ಪುಸ್ತಕದ ಹೆಸರೇ ಆ ಸಾಲಿನಲ್ಲಿದೆ. ಸಿನಿಮಾ ಹೆಸರು ಉಳಿಸಿಕೊಂಡು ದ್ರಾಕ್ಷಿಯನ್ನು ಬಿಟ್ಟಿತು.

ಫೋರ್ಡ್ ಮನಸ್ಸಿನಲ್ಲಿದ್ದ ಅಂತ್ಯ ಟಾಮ್‌ನ ವಿದಾಯ. ಪೊಲೀಸರು ರಾತ್ರಿ ಕ್ಯಾಂಪಿನಲ್ಲಿ ಗಾಡಿಯ ನಂಬರ್ ನೋಡಿ ಹೋಗಿದ್ದಾರೆ, ಇನ್ನು ಇರುವಂತಿಲ್ಲ. ಹಸಿದವರು ಅನ್ನಕ್ಕಾಗಿ ಹೊಡೆದಾಡುವಲ್ಲೆಲ್ಲ ನಾನಿರುತ್ತೇನೆ ಎಂದು ಅಮ್ಮನಿಗೆ ಹೇಳಿ, ಬೆಳಗಿನ ಜಾವ ಗುಡ್ಡದ ಅಂಚಿನಲ್ಲಿ ಒಂಟಿಯಾಗಿ ನಡೆದು ಹೋಗುತ್ತಾನೆ. ಝಾನಕ್‌ಗೆ ಅದು ಸಾಲಲಿಲ್ಲ. ಅವರು ಇನ್ನೊಂದು ದೃಶ್ಯ ಸೇರಿಸಿದರು. ಫ್ರೆಸ್ನೋದಲ್ಲಿ ಇಪ್ಪತ್ತು ದಿನದ ಕೆಲಸವಿದೆಯೆಂದು ಗಾಡಿ ಹೊರಟಿದೆ. ಅಮ್ಮ ಅಪ್ಪನಿಗೆ ಹೇಳುತ್ತಾಳೆ: ನಮ್ಮನ್ನು ಯಾರೂ ಅಳಿಸಲಾರರು, ನಾವು ಮುಂದುವರಿಯುತ್ತಲೇ ಇರುತ್ತೇವೆ, ಏಕೆಂದರೆ ನಾವು ಜನ. ಇದನ್ನು ಯಾರೋ ಹೊಸದಾಗಿ ಬರೆದರೆಂದುಕೊಳ್ಳಬೇಡಿ. ಪುಸ್ತಕದ 20ನೇ ಅಧ್ಯಾಯದಲ್ಲೇ ಇದೆ. ಅಲ್ಲಿ ಅಮ್ಮ ಹೂವರ್‌ವಿಲ್ ಬಿಟ್ಟು ಹೊರಟಾಗ, ಸಿಟ್ಟಿನಿಂದ ಕುದಿಯುತ್ತಿರುವ ಟಾಮ್‌ನನ್ನು ಸಮಾಧಾನ ಮಾಡಲು ಈ ಮಾತಾಡುತ್ತಾಳೆ. ಅದಾದ ಮೇಲೆ ಕಾಸಿ ಸಾಯುತ್ತಾನೆ, ಟಾಮ್ ದೂರವಾಗುತ್ತಾನೆ, ಮಗು ಸತ್ತು ಹುಟ್ಟುತ್ತದೆ. ನಡುವೆ ಆಡಿದ ಮಾತು ಅಮ್ಮನ ಹಠ; ಕೊನೆಯಲ್ಲಿ ಆಡಿದಾಗ ಸಿನಿಮಾದ ತೀರ್ಪು. ನನ್ನ ಮಟ್ಟಿಗೆ ಫೋರ್ಡ್ ನಿಲ್ಲಿಸಬೇಕೆಂದಿದ್ದ ಜಾಗವೇ ಸರಿಯಾಗಿತ್ತು.

ಸ್ಟೈನ್‌ಬೆಕ್ ಏನೆಂದರು? 1939ರ ಡಿಸೆಂಬರ್‌ನಲ್ಲಿ ಸಿನಿಮಾ ನೋಡಿ ಬಂದು ಬರೆದ ಪತ್ರದಲ್ಲಿ, ಝಾನಕ್ ಮಾತು ಉಳಿಸಿಕೊಂಡಿದ್ದಾರೆ ಎಂದು ಮೆಚ್ಚಿದರು. ವರ್ಣನೆಯೆಲ್ಲ ಉದುರಿರುವುದರಿಂದ ಇದು ಪುಸ್ತಕಕ್ಕಿಂತಲೂ ಕಟುವಾಗಿದೆ ಎಂದೂ ಬರೆದರು. ಮ್ಯೂಲಿಯ ಕತ್ತಲು ಮನೆ, ಹೂವರ್‌ವಿಲ್‌ನ ಮುಖಗಳು, ಪೀಚ್ ತೋಟದ ಬೇಲಿ ಇವುಗಳ ಮಟ್ಟಿಗೆ ಅವರ ಮಾತಿಗೆ ಎದುರಾಡುವಂತಿಲ್ಲ. ಅಲ್ಲಿ ಗದ್ಯದ ಯಾವ ಮೆತ್ತೆಯೂ ಇಲ್ಲದೆ ಏಟು ನೇರ ಬೀಳುತ್ತದೆ. ಆದರೆ ಕ್ಯಾಂಪಿನ ಗೇಟು ತೆರೆದ ಮೇಲಿನ ಅರ್ಧ ಗಂಟೆಗೂ ಆ ಮಾತು ಅನ್ವಯಿಸುತ್ತದೆ ಎಂದರೆ ನಾನು ಒಪ್ಪುವುದಿಲ್ಲ, ಬರೆದವರೇ ಹೇಳಿದರೂ.